ಗಿಗ್ ಬೇಸಿಸ್ಟ್‌ಗೆ ಎಷ್ಟು ವಾಟ್ ಬೇಕು? ಮೊದಲು ಡಿಐ ಬಗ್ಗೆ ಮಾತಾಡೋಣ

[ದೃಶ್ಯ: ವೇದಿಕೆಯ ಹಿಂಭಾಗ. ದೊಡ್ಡ ಬೇಸ್ ಕ್ಯಾಬಿನೆಟ್, ಅದರ ಪಕ್ಕ ಅಂಗೈ ಅಗಲದ ಡಿಐ ಬಾಕ್ಸ್.]

ನಮಸ್ಕಾರ. "ಗುರೂ, ಗಿಗ್‌ಗೆ ಎಷ್ಟು ವಾಟ್ ಆಂಪ್ ತಗೊಳ್ಳಲಿ?" ಬೇಸ್ ಗಿಟಾರ್ ನುಡಿಸುವವರು ಎಲ್ಲಿ ಸೇರಿದರೂ ಈ ಪ್ರಶ್ನೆ ಬಂದೇ ಬರುತ್ತದೆ. ಉತ್ತರ ಹೇಳುತ್ತೇನೆ. ಆದರೆ ಅದಕ್ಕೂ ಮೊದಲು ಒಂದು ಮಾತು. ನಮ್ಮ ಬಹುಪಾಲು ಗಿಗ್‌ಗಳಲ್ಲಿ ಜನ ನಿಮ್ಮ ಆಂಪ್ ಸದ್ದನ್ನು ಕೇಳುವುದೇ ಇಲ್ಲ.

ಗಣೇಶೋತ್ಸವದ ಆರ್ಕೆಸ್ಟ್ರಾ ಇರಲಿ, ನವೆಂಬರ್‌ನ ರಸಮಂಜರಿ ಇರಲಿ, ಇಂದಿರಾನಗರದ ಪಬ್ ಇರಲಿ, ಕಾಲೇಜ್ ಫೆಸ್ಟ್ ಇರಲಿ. ಬೇಸ್‌ನಿಂದ ಹೊರಟ ಸಿಗ್ನಲ್ ಒಂದು ಡಿಐ ಬಾಕ್ಸ್, ಅಂದರೆ ವಾದ್ಯವನ್ನು ನೇರ ಮಿಕ್ಸರ್‌ಗೆ ಜೋಡಿಸುವ ಪುಟ್ಟ ಡಬ್ಬಿ, ಹೊಕ್ಕು ಮಿಕ್ಸರ್‌ಗೆ ಹೋಗುತ್ತದೆ. ಅಲ್ಲಿಂದ ಪಿಎಗೆ, ಅಂದರೆ ಜನರ ಕಡೆ ತಿರುಗಿಸಿದ ದೊಡ್ಡ ಸ್ಪೀಕರ್‌ಗೆ. ಮುಂದೆ ಕುಣಿಯುವವರ ಎದೆ ನಡುಗಿಸುವುದು ಸೌಂಡ್‌ನವರ ಸಬ್‌ವೂಫರ್. ನಿಮ್ಮ ಬೆನ್ನ ಹಿಂದಿನ ಆಂಪ್ ಕೇಳಿಸುವುದು ನಿಮಗೆ, ಡ್ರಮ್ಮರ್‌ಗೆ, ಹೆಚ್ಚೆಂದರೆ ಮೊದಲ ಸಾಲಿನಲ್ಲಿ ಕೂತ ಕಾರ್ಪೊರೇಟರ್‌ಗೆ.

ಕೆನಡಾದ ರಾಕ್ ಬ್ಯಾಂಡ್ ರಶ್‌ನ ಬೇಸಿಸ್ಟ್ ಗೆಡ್ಡಿ ಲೀ ಗೊತ್ತಲ್ವಾ? ವೇದಿಕೆಯ ಮೇಲೆ ಆಂಪ್ ಇಡುವುದನ್ನೇ ಬಿಟ್ಟ ಮನುಷ್ಯ ಅವರು. 2002ರ ಟೂರ್‌ನಲ್ಲಿ ಆಂಪ್ ಇರಬೇಕಾದ ಜಾಗದಲ್ಲಿ ಬಟ್ಟೆ ಒಣಗಿಸುವ ಮೆಷಿನ್ ಇಟ್ಟಿದ್ದರು. 2007ರಲ್ಲಿ ಕೋಳಿ ಸುಡುವ ಓವನ್. ತಮಾಷೆಗೆ ಮಾಡಿದ್ದೇ, ಆದರೂ ಜನರಿಗೆ ಬೇಸ್ ಚೆನ್ನಾಗಿಯೇ ಕೇಳಿಸಿತು.

ಹಾಗಾಗಿ ದುಡ್ಡು ಸುರಿಯುವ ಕ್ರಮದಲ್ಲಿ ನನ್ನ ಲೆಕ್ಕ ಸ್ವಲ್ಪ ತಲೆಕೆಳಗು. ಮೊದಲು ಒಳ್ಳೆಯ ಡಿಐ ಇರುವ ಪ್ರೀಆಂಪ್ (ಆಂಪ್‌ಗೂ ಮೊದಲು ಟೋನ್ ರೂಪಿಸುವ ಡಬ್ಬಿ). ಆಮೇಲೆ ಆಂಪ್ ಮತ್ತು ಕ್ಯಾಬ್, ಅಂದರೆ ಸ್ಪೀಕರ್ ಇರುವ ಡಬ್ಬ. ಕಾಲಲ್ಲಿ ಒತ್ತಿ ಸದ್ದು ಬದಲಿಸುವ ಪೆಡಲ್ ಕೊನೆಗೆ. ತುಂಬಾ ಜನ ಇದನ್ನು ಉಲ್ಟಾ ಮಾಡುತ್ತಾರೆ. ಹತ್ತು ಪೆಡಲ್ ಇರುವ ಬೋರ್ಡ್ ಹೊತ್ತು ಬಂದು, ಕೊನೆಗೆ ಸೌಂಡ್‌ನವರ ಹಳೇ ಡಿಐಗೆ ಕೇಬಲ್ ಚುಚ್ಚುತ್ತಾರೆ.

[ಸ್ಕ್ರೀನ್ ಮೇಲೆ: ಪ್ಯಾಸಿವ್ ಬೇಸ್ – ಆಕ್ಟಿವ್ ಡಿಐ]

ಡಿಐ ಕೆಲಸ ಸರಳ. ಬೇಸ್‌ನಿಂದ ಬರುವ ನಾಜೂಕು ಸಿಗ್ನಲ್ ಅನ್ನು ಉದ್ದದ ಮೈಕ್ ಕೇಬಲ್‌ನಲ್ಲಿ ಗಲಾಟೆ ಇಲ್ಲದೆ ಹೋಗುವ ಹಾಗೆ ಮಾಡುವುದು. ಬೇಸ್‌ನಲ್ಲಿ ಬ್ಯಾಟರಿ ಇಲ್ಲದಿದ್ದರೆ, ಅಂದರೆ ಪ್ಯಾಸಿವ್ ಆಗಿದ್ದರೆ, ಆಕ್ಟಿವ್ ಡಿಐ ಬೇಕು. ಪ್ಯಾಸಿವ್ ಬೇಸ್ ಅನ್ನು ಅಗ್ಗದ ಪ್ಯಾಸಿವ್ ಡಿಐಗೆ ಹಾಕಿದರೆ ಪಿಕಪ್ (ತಂತಿಯ ಕಂಪನ ಹಿಡಿಯುವ ಭಾಗ) ಮೇಲೆ ಭಾರ ಬಿದ್ದು ಸದ್ದಿನ ಹೊಳಪು ಸತ್ತುಹೋಗುತ್ತದೆ. ಬ್ಯಾಟರಿ ಇರುವ ಬೇಸ್‌ಗೆ ಈ ತಾಪತ್ರಯ ಅಷ್ಟಿಲ್ಲ, ಯಾವ ಡಿಐ ಆದರೂ ನಡೆಯುತ್ತದೆ. ರೇಡಿಯಲ್ ಜೆ48 ಥರದ ಆಕ್ಟಿವ್ ಡಿಐಗೆ ಮಿಕ್ಸರ್‌ನಿಂದಲೇ 48 ವೋಲ್ಟ್ ಫ್ಯಾಂಟಮ್ ಪವರ್ ಬರಬೇಕು. ಮಿಕ್ಸರ್‌ನಲ್ಲಿ ಆ ಬಟನ್ ಒತ್ತದಿದ್ದರೆ ಡಿಐ ಸತ್ತ ಹಾಗೆ ಕೂತಿರುತ್ತದೆ. ಸೌಂಡ್‌ಚೆಕ್‌ನಲ್ಲಿ ಬೇಸ್ ಬರುತ್ತಿಲ್ಲ ಅಂದರೆ ಮೊದಲು ಇದನ್ನೇ ಕೇಳಿ.

ನನ್ನನ್ನು ಕೇಳಿದರೆ, ಬರೀ ಡಿಐಗಿಂತ ಎಕ್ಸ್‌ಎಲ್‌ಆರ್ ಔಟ್ (ಮೈಕ್ ಕೇಬಲ್ ಚುಚ್ಚುವ ಜಾಗ) ಇರುವ ಪ್ರೀಆಂಪ್ ಪೆಡಲ್ ಒಳ್ಳೆಯದು. ಟೆಕ್ 21 ಕಂಪನಿಯ ಸ್ಯಾನ್ಸ್‌ಆಂಪ್ ಬೇಸ್ ಡ್ರೈವರ್ ತೊಂಬತ್ತರ ದಶಕದಿಂದ ಇದೇ ಕೆಲಸ ಮಾಡುತ್ತಿದೆ. ಈಗ ಡಾರ್ಕ್‌ಗ್ಲಾಸ್, ಅಗ್ವಿಲಾರ್ ಹೀಗೆ ಬೇಕಾದಷ್ಟಿವೆ. ಇದರಿಂದ ನಿಮ್ಮ ಟೋನ್ ನಿಮ್ಮ ಬ್ಯಾಗ್‌ನಲ್ಲೇ ಇರುತ್ತದೆ. ಊರಿನವರು ಕೊಟ್ಟ ಬ್ಯಾಕ್‌ಲೈನ್ ಆಂಪ್ ಎಷ್ಟೇ ಗೊಣಗಲಿ, ಜನರಿಗೆ ಹೋಗುವುದು ನಿಮ್ಮ ಸದ್ದು. ಆಂಪ್‌ನಿಂದಲೇ ಡಿಐ ಕೊಡುವುದಾದರೆ ಅದರ ಸ್ವಿಚ್ 'ಪ್ರೀ'ನಲ್ಲಿ ಇರಲಿ. 'ಪೋಸ್ಟ್'ನಲ್ಲಿ ಇದ್ದರೆ, ಹಾಡಿನ ಮಧ್ಯೆ ನಿಮಗೆ ಕೇಳಿಸಲಿ ಅಂತ ನೀವು ಬೇಸ್ ನಾಬ್ ತಿರುಗಿಸಿದಾಗ ಹೊರಗೆ ಸಬ್‌ವೂಫರ್ ಕೂಗಾಡುತ್ತದೆ.

[ದೃಶ್ಯ: ಪೆಂಡಾಲ್, ಜನರೇಟರ್, ನೆಲದ ಮೇಲೆ ವೈರ್‌ಗಳ ರಾಶಿ]

ಈಗ ಹಮ್, ಅಂದರೆ 'ಗುಂಯ್' ಅನ್ನುವ ಶಬ್ದದ ಬಗ್ಗೆ. ನಮ್ಮ ಕರೆಂಟ್ 50 ಹರ್ಟ್ಸ್. ನಿಮ್ಮ ಇ ತಂತಿಯ ಮೂರನೇ ಫ್ರೆಟ್, ಅಂದರೆ ಜಿ ಸ್ವರ, 49 ಹರ್ಟ್ಸ್. ಅಂದರೆ ಹಮ್ ಬಂದು ಕೂರುವುದು ಸರಿಯಾಗಿ ನಿಮ್ಮ ಸ್ವರದ ಮೇಲೆ, ಅದೂ ಒಂದು ಹರ್ಟ್ಸ್ ಅಪಸ್ವರದಲ್ಲಿ! ಗಿಟಾರಿಸ್ಟ್‌ಗೆ ಕೆಳಗಿನದನ್ನು ಕತ್ತರಿಸಿ ಹಮ್ ಓಡಿಸುವ ದಾರಿ ಇದೆ. ನಮ್ಮ ಮನೆಯೇ ಅಲ್ಲಿರುವುದು.

ಆಂಪ್ ಒಂದು ಲೈನ್‌ನಿಂದ, ಮಿಕ್ಸರ್ ಇನ್ನೊಂದು ಲೈನ್‌ನಿಂದ ಕರೆಂಟ್ ತಗೊಂಡಾಗ ಎರಡರ ಅರ್ಥ್ ನಡುವೆ ಸಣ್ಣ ಸುತ್ತು ಹುಟ್ಟಿ ಹಮ್ ಬರುತ್ತದೆ. ಇದಕ್ಕೆ ಡಿಐ ಮೇಲೆ 'ಗ್ರೌಂಡ್ ಲಿಫ್ಟ್' ಅಂತ ಸ್ವಿಚ್ ಇದೆ. ಒತ್ತಿ, ಹೆಚ್ಚಿನ ಸಲ ಅಲ್ಲಿಗೆ ಮುಗಿಯುತ್ತದೆ. ಆದರೆ ಕೆಲವರು ಪ್ಲಗ್‌ನ ಮೂರನೇ ಪಿನ್ ಮುರಿದು ಹಾಕುತ್ತಾರೆ. "ಹಮ್ ಹೋಯ್ತಲ್ಲ" ಅನ್ನುತ್ತಾರೆ. ಬೇಡ, ದಯವಿಟ್ಟು ಬೇಡ. ಬೇಸ್‌ನ ತಂತಿಗಳು ಬ್ರಿಡ್ಜ್ ಮೂಲಕ ಆಂಪ್‌ನ ಅರ್ಥ್‌ಗೆ ಸೇರಿರುತ್ತವೆ. ಆಂಪ್‌ಗೆ ಅರ್ಥ್ ಇಲ್ಲದೆ ಒಳಗೆ ಏನಾದರೂ ಕೆಟ್ಟರೆ 230 ವೋಲ್ಟ್ ನೇರ ತಂತಿಗೇ ಬರಬಹುದು. ನೀವು ಕೋರಸ್ ಹಾಡಲು ಮೈಕ್‌ಗೆ ತುಟಿ ತಾಗಿಸಿದ ಕ್ಷಣ ಕರೆಂಟ್‌ಗೆ ದಾರಿ ಸಿಕ್ಕಿತು. ಜೀವ ಹೋಗುವ ವಿಷಯ ಇದು. ಹಳ್ಳಿ ಕಡೆ ಶೋ ಇದ್ದರೆ ಜೇಬಿನಲ್ಲಿ ಒಂದು ಟೆಸ್ಟರ್ ಇರಲಿ, ಹಾಡುವ ಮೊದಲು ಬೇಸ್‌ನ ತಂತಿಗೂ ಮೈಕ್‌ನ ಜಾಲರಿಗೂ ಮುಟ್ಟಿಸಿ ನೋಡಿ. ದೀಪ ಹೊತ್ತಿದರೆ ಬೇಸ್ ಕೆಳಗಿಟ್ಟು ಎಲೆಕ್ಟ್ರಿಷಿಯನ್ ಅನ್ನು ಕರೆಯಿರಿ.

ಕರೆಂಟ್ ಮಾತು ಬಂತು, ಇನ್ನೊಂದು ಹೇಳಿಬಿಡುತ್ತೇನೆ. ಅಮೆರಿಕದಲ್ಲಿರುವ ಕಸಿನ್ ಕೈಲಿ ಆಂಪ್ ತರಿಸುವವರು ಹಿಂದಿನ ಲೇಬಲ್ ಓದಿ. '100-240' ಅಂತ ಇದ್ದರೆ ಪ್ಲಗ್ ಬದಲಾಯಿಸಿದರೆ ಸಾಕು. ಬರೀ '120' ಅಂತ ಇದ್ದರೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಅದರ ತೂಕ ನೋಡಿದ ಮೇಲೆ ಹಗುರ ಆಂಪ್ ತರಿಸಿದ್ದೇಕೆ ಅನ್ನಿಸುತ್ತದೆ.

[ದೃಶ್ಯ: ಎರಡು ಆಂಪ್ ಹೆಡ್‌ಗಳು, ಹಳೆಯದು, ಹೊಸದು]

ಸರಿ, ವಾಟ್. 1969ರಲ್ಲಿ ಆಂಪೆಗ್ ಕಂಪನಿ ಎಸ್‌ವಿಟಿ ಅನ್ನುವ ಆಂಪ್ ತಂದಿತು. 300 ವಾಟ್, 14 ವಾಲ್ವ್ (ಹಳೇ ರೇಡಿಯೋದಲ್ಲಿದ್ದಂಥ ಗಾಜಿನ ಟ್ಯೂಬ್), ಹೆಡ್, ಅಂದರೆ ಸ್ಪೀಕರ್ ಇಲ್ಲದ ಬರೀ ಆಂಪ್, ಒಂದೇ 35 ಕೆಜಿಗಿಂತ ಜಾಸ್ತಿ. ಜೊತೆಗೆ ಹತ್ತಿಂಚಿನ ಎಂಟು ಸ್ಪೀಕರ್ ಇರುವ ಕ್ಯಾಬ್, ಅಡ್ಡ ಹೆಸರೇ ಫ್ರಿಜ್. ಆ ವರ್ಷ ರೋಲಿಂಗ್ ಸ್ಟೋನ್ಸ್ ಅಮೆರಿಕ ಪ್ರವಾಸಕ್ಕೆ ಇದನ್ನೇ ಒಯ್ದರು. ಅದ್ಭುತ ಸದ್ದು, ಒಪ್ಪುತ್ತೇನೆ. ಆದರೆ ಲಿಫ್ಟ್ ಇಲ್ಲದ ಎರಡನೇ ಮಹಡಿಯ ಪಬ್‌ಗೆ ಅದನ್ನು ಯಾರು ಹೊರುತ್ತಾರೆ? ಆಟೋದವರು ಮೀಟರ್ ಮೇಲೆ ಎಷ್ಟು ಕೇಳಬಹುದು? ಈಗಿನ ಕ್ಲಾಸ್ ಡಿ ಅನ್ನುವ ಹಗುರ ಬಗೆಯ ಹೆಡ್‌ಗಳಲ್ಲಿ ಎರಡು ಕೆಜಿ ಆಸುಪಾಸಿನಲ್ಲೇ 500 ವಾಟ್ ಸಿಗುತ್ತದೆ. ಗಿಗ್ ಬ್ಯಾಗ್‌ನ ಜೇಬಿಗೆ ತುರುಕಬಹುದು.

ವಾಟ್ ಸಂಖ್ಯೆ ನೋಡಿ ಮರುಳಾಗಬೇಡಿ. ವಾಟ್ ದುಪ್ಪಟ್ಟಾದರೆ ಸಿಗುವುದು 3 ಡೆಸಿಬಲ್ ಮಾತ್ರ. ಕಿವಿಗೆ ಎರಡರಷ್ಟು ಜೋರು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವಾಟ್ ಬೇಕು. 300ರಿಂದ 500ಕ್ಕೆ ಹೋದರೆ ಹೆಚ್ಚುವುದು 2 ಡೆಸಿಬಲ್‌ನಷ್ಟು. ಅಷ್ಟಕ್ಕೆ ಇಎಂಐ ಕಟ್ಟಬೇಕಾ?

ನಿಜವಾದ ಲಾಭ ಇರುವುದು ಕ್ಯಾಬ್‌ನಲ್ಲಿ. ಕ್ಯಾಬ್ ವಿವರದಲ್ಲಿ 'ಸೆನ್ಸಿಟಿವಿಟಿ' ಅಂತ ಬರೆದಿರುತ್ತಾರೆ. ಒಂದು ವಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಜೋರು ಅಂತ. 97 ಡೆಸಿಬಲ್ ಕ್ಯಾಬ್‌ಗೆ 500 ವಾಟ್ ಕೊಟ್ಟಾಗ ಬರುವ ಸದ್ದು, 100 ಡೆಸಿಬಲ್ ಕ್ಯಾಬ್‌ಗೆ 250 ವಾಟ್ ಕೊಟ್ಟರೇ ಬರುತ್ತದೆ. ಅಂಗಡಿಯಲ್ಲಿ ಯಾರೂ ಈ ಸಾಲು ತೋರಿಸುವುದಿಲ್ಲ. ನೀವೇ ಕೇಳಿ. ಆದರೆ ಒಂದು ಮಿತಿ ಇದೆ: ಡಬ್ಬ ಚಿಕ್ಕದಿರಬೇಕು, ತುಂಬಾ ಕೆಳಗಿನ ಸ್ವರವೂ ಬರಬೇಕು, ಜೋರಾಗಿಯೂ ಇರಬೇಕು ಅಂದರೆ ಆಗುವುದಿಲ್ಲ. ಮೂರರಲ್ಲಿ ಎರಡನ್ನು ಆರಿಸಿಕೊಳ್ಳಬೇಕು. ಚಿಕ್ಕ ಡಬ್ಬದಲ್ಲಿ ಮೂರೂ ಇದೆ ಅನ್ನುವ ಜಾಹೀರಾತು ಕಂಡರೆ ಸ್ಕ್ರಾಲ್ ಮಾಡಿ.

ಒಂದು ಸಮಾಧಾನ ಇದೆ. ನಾಲ್ಕು ತಂತಿಯ ಬೇಸ್‌ನ ಕೆಳಗಿನ ಇ 41 ಹರ್ಟ್ಸ್, ಐದು ತಂತಿಯ ಬಿ 31. ಆದರೆ ನಮ್ಮ ಕಿವಿ ಆ ಇ ಸ್ವರವನ್ನು ಗುರುತಿಸುವುದು ಹೆಚ್ಚಾಗಿ ಅದರ ಎರಡು, ಮೂರು ಪಟ್ಟಿನ 82, 123 ಹರ್ಟ್ಸ್‌ಗಳಿಂದ. ಅವು ಕೇಳಿಸಿದರೆ ಕೆಳಗಿನದನ್ನು ಮಿದುಳೇ ತುಂಬಿಕೊಳ್ಳುತ್ತದೆ. ಕ್ಯಾಬ್ 31ರವರೆಗೆ ಇಳಿಯಲೇಬೇಕು ಅಂತ ಹಠ ಹಿಡಿಯಬೇಕಿಲ್ಲ. ಹಾಗೇ, "15 ಇಂಚು ಅಂದರೆ ಜಾಸ್ತಿ ಬೇಸ್, 10 ಇಂಚು ಅಂದರೆ ಕಡಿಮೆ" ಅನ್ನುವುದೂ ಅರ್ಧ ಸತ್ಯ. ಸ್ಪೀಕರ್ ಯಾವುದು, ಡಬ್ಬ ಹೇಗೆ ಕಟ್ಟಿದ್ದಾರೆ ಅನ್ನುವುದು ಅಳತೆಗಿಂತ ಮುಖ್ಯ.

ಇನ್ನು ಓಮ್ಸ್, ಅಂದರೆ ಕ್ಯಾಬ್ ಕರೆಂಟ್‌ಗೆ ಒಡ್ಡುವ ತಡೆ. 8 ಓಮ್‌ನ ಒಂದು ಕ್ಯಾಬ್ ಜೊತೆ ಇನ್ನೊಂದು 8 ಓಮ್ ಸೇರಿಸಿದರೆ ಒಟ್ಟು 4 ಓಮ್. ಸಿನಿಮಾ ಹಾಲ್‌ನಲ್ಲಿ ಒಂದು ಬಾಗಿಲಿನ ಪಕ್ಕ ಇನ್ನೊಂದು ತೆರೆದರೆ ಜನ ಬೇಗ ಹೊರಬರುತ್ತಾರಲ್ಲ, ಹಾಗೆ ಕರೆಂಟ್ ಜಾಸ್ತಿ ಹರಿಯುತ್ತದೆ. ಅದಕ್ಕೇ 500 ವಾಟ್ ಅಂತ ಬರೆದ ಆಂಪ್ ಆ 500 ಕೊಡುವುದು ಸಾಮಾನ್ಯವಾಗಿ 4 ಓಮ್‌ಗೆ. ಒಂದೇ 8 ಓಮ್ ಕ್ಯಾಬ್‌ಗೆ ಅದರ ಅರ್ಧ, ಇಲ್ಲವೇ ಸ್ವಲ್ಪ ಜಾಸ್ತಿ. ಆಂಪ್‌ನ ಹಿಂದೆ ಬರೆದಿರುವ ಕನಿಷ್ಠ ಓಮ್‌ಗಿಂತ ಕೆಳಗೆ ಇಳಿಯಬೇಡಿ. ವಾಲ್ವ್ ಆಂಪ್ ಆದರೆ ಸ್ಪೀಕರ್ ಸೇರಿಸದೆ ಆನ್ ಮಾಡಲೇಬೇಡಿ, ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು. ಹೆಡ್‌ನಿಂದ ಕ್ಯಾಬ್‌ಗೆ ಗಿಟಾರ್ ಕೇಬಲ್ ಹಾಕುವ ಚಾಳಿಯೂ ಬೇಡ. ಒಳಗಿನ ತಂತಿ ತೆಳು, ಬಿಸಿಯಾಗಿ ಶಾರ್ಟ್ ಆದರೆ ಆಂಪ್‌ಗೇ ಕುತ್ತು. ಸ್ಪೀಕರ್‌ಗೆಂದೇ ಇರುವ ದಪ್ಪ ತಂತಿಯ ಸ್ಪೀಕನ್ ಕೇಬಲ್ ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಮಾಡಿಸಿಕೊಳ್ಳಬಹುದು.

ಹಾಗಾದರೆ ನನ್ನ ಉತ್ತರ? ಸುಮಾರು 500 ವಾಟ್‌ನ ಕ್ಲಾಸ್ ಡಿ ಹೆಡ್, 8 ಓಮ್‌ನ ಹಗುರ 1x12 (ಹನ್ನೆರಡಿಂಚಿನ ಒಂದೇ ಸ್ಪೀಕರ್‌ನ) ಕ್ಯಾಬ್ ಒಂದು. ಚಿಕ್ಕ ಪಬ್‌ಗೆ ಅದೇ ಸಾಕು. ದೊಡ್ಡ ವೇದಿಕೆ ಸಿಗತೊಡಗಿದಾಗ ಅದೇ ಕ್ಯಾಬ್ ಇನ್ನೊಂದು ತಗೊಂಡು ಒಂದರ ಮೇಲೊಂದು ನಿಲ್ಲಿಸಿ. ವಾಟ್ ಜೊತೆಗೆ ಸ್ಪೀಕರ್ ವಿಸ್ತಾರವೂ ಹೆಚ್ಚುವುದರಿಂದ ಕೆಳಗಿನ ಸ್ವರಗಳಲ್ಲಿ 6 ಡೆಸಿಬಲ್‌ವರೆಗೆ ಲಾಭ. ಮೇಲಿನ ಕ್ಯಾಬ್ ಕಿವಿಯ ಹತ್ತಿರ ಬರುತ್ತದೆ ನೋಡಿ, ಅದೇ ದೊಡ್ಡ ಸುಖ. ಒಂದೇ ಇದ್ದರೆ ಪೆಂಡಾಲ್‌ನ ಪ್ಲಾಸ್ಟಿಕ್ ಕುರ್ಚಿಯ ಮೇಲಿಡಿ. ಮೂಲೆಯಲ್ಲಿ ನೆಲದ ಮೇಲಿಟ್ಟರೆ ಗೋಡೆ ನೆಲ ಎರಡೂ ಸೇರಿ ಬೇಸ್ ಉಬ್ಬುತ್ತದೆ, ಸ್ವರ ಯಾವುದು ಅಂತಲೇ ತಿಳಿಯುವುದಿಲ್ಲ.

[ದೃಶ್ಯ: ಆರ್ಕೆಸ್ಟ್ರಾ ವೇದಿಕೆ. ಕೀಬೋರ್ಡ್, ಆಕ್ಟೋಪ್ಯಾಡ್, ಬೇಸ್.]

ಆರ್ಕೆಸ್ಟ್ರಾದಲ್ಲಿ ನುಡಿಸುವವರಿಗೆ ಒಂದು ವಿಶೇಷ ಕಷ್ಟ ಇದೆ. ಕೀಬೋರ್ಡ್‌ನವರ ಎಡಗೈ ಬೇಸ್ ನುಡಿಸುತ್ತಿರುತ್ತದೆ. ಆಕ್ಟೋಪ್ಯಾಡ್ (ಎಲೆಕ್ಟ್ರಾನಿಕ್ ಡ್ರಮ್) ಕೊಡುವ ಕಿಕ್ ಡ್ರಮ್ ಸದ್ದು ಅಲ್ಲೇ ಗುದ್ದುತ್ತಿರುತ್ತದೆ. ಮೂವರೂ ಒಂದೇ ಜಾಗಕ್ಕೆ ಜಗಳ. ಮನೆಯಲ್ಲಿ ಒಬ್ಬರೇ ಕೂತು ಬೇಸ್, ಟ್ರೆಬಲ್ ಏರಿಸಿ ಮಧ್ಯ ಇಳಿಸಿದ ಟೋನ್ ಇಲ್ಲಿ ಪೂರ್ತಿ ಮಾಯ. ಮಿಡ್ಸ್ ಏರಿಸಿ, 250ರಿಂದ 800 ಹರ್ಟ್ಸ್ ನಡುವೆ ಎಲ್ಲಾದರೂ. ಸೋಲೋ ಕೇಳಲು ಮೂಗಿನಲ್ಲಿ ಹಾಡಿದ ಹಾಗಿರುತ್ತದೆ, ಬ್ಯಾಂಡ್ ಜೊತೆ ಸರಿಹೋಗುತ್ತದೆ. ಪ್ರೀಆಂಪ್‌ನಲ್ಲಿ ಹೈಪಾಸ್ ಫಿಲ್ಟರ್ ಇದ್ದರೆ 35-40 ಹರ್ಟ್ಸ್ ಕೆಳಗಿನದನ್ನು ಕತ್ತರಿಸಿ. ಆಂಪ್‌ಗೂ ಉಸಿರು, ಸ್ಪೀಕರ್‌ಗೂ ಉಸಿರು. ಆಮೇಲೆ ಕೀಬೋರ್ಡ್‌ನವರಿಗೆ ಒಂದು ಟೀ ಕುಡಿಸಿ, ಎಡಗೈ ಸ್ವಲ್ಪ ಮೇಲಕ್ಕೆ ತಗೊಳ್ಳಿ ಅಂತ ಕೇಳಿಕೊಳ್ಳಿ. ಇದಕ್ಕಿಂತ ಒಳ್ಳೆಯ ಈಕ್ಯೂ (ಟೋನ್ ಹೊಂದಿಸುವ ನಾಬ್) ಇಲ್ಲ.

ಪೆಡಲ್ ಬಗ್ಗೆ ಬೇಗ ಹೇಳುತ್ತೇನೆ. ಟ್ಯೂನರ್ ಬೇಕೇ ಬೇಕು, ಮ್ಯೂಟ್‌ಗೂ ಅದೇ. ಜೋರು ಮೆಲುವು ಸ್ವರಗಳನ್ನು ಸಮ ಮಾಡುವ ಕಂಪ್ರೆಸರ್ ಇದ್ದರೆ ಒಳ್ಳೆಯದು, ಹದವಾಗಿ. ಸದ್ದನ್ನು ಒರಟು ಮಾಡುವ ಓವರ್‌ಡ್ರೈವ್ ತಗೊಳ್ಳುವುದಾದರೆ ಬ್ಲೆಂಡ್ ನಾಬ್ ಇರುವುದನ್ನೇ ತಗೊಳ್ಳಿ. ಗಿಟಾರ್‌ಗೆ ಮಾಡಿದ ಬಹಳಷ್ಟು ಡ್ರೈವ್‌ಗಳು ಕೆಳಗಿನ ಸ್ವರವನ್ನು ನುಂಗುತ್ತವೆ. ಒತ್ತಿದ ಕೂಡಲೇ ಬ್ಯಾಂಡ್‌ನ ತಳವೇ ಕಳಚಿದ ಹಾಗಾಗುತ್ತದೆ. ಬ್ಲೆಂಡ್ ಇದ್ದರೆ ಶುದ್ಧ ಬೇಸ್ ಜೊತೆಗೇ ಇರುತ್ತದೆ. ನುಡಿಸಿದ ಸ್ವರಕ್ಕೆ ಒಂದು ಆಕ್ಟೇವ್ (ಸಪ್ತಕ) ಕೆಳಗಿನದನ್ನು ಸೇರಿಸುವ ಆಕ್ಟೇವ್ ಪೆಡಲ್ ಮಜಾ ಇದೆ, ಆದರೆ ತೆರೆದ ಇ ತಂತಿಗೆ ಒಂದು ಆಕ್ಟೇವ್ ಕೆಳಗೆ ಅಂದರೆ 20 ಹರ್ಟ್ಸ್ ಚಿಲ್ಲರೆ. ಅದು ಯಾರಿಗೂ ಕೇಳಿಸದು. ಫ್ರೆಟ್‌ಬೋರ್ಡ್‌ನ ಮೇಲ್ಭಾಗದಲ್ಲಿ ನುಡಿಸಿ, ಕಂಪ್ರೆಸರ್‌ಗೂ ಡ್ರೈವ್‌ಗೂ ಮೊದಲೇ ಅದನ್ನು ಇಡಿ, ಸ್ವರ ಸರಿಯಾಗಿ ಹಿಡಿಯುತ್ತದೆ. ಒಂದೇ ಅಡಾಪ್ಟರ್‌ನಿಂದ ಎಲ್ಲ ಪೆಡಲ್‌ಗೂ ಸರಪಳಿ ಎಳೆದರೆ ಹಮ್ ಮತ್ತೆ ಬರುವ ಸಾಧ್ಯತೆ ಜಾಸ್ತಿ. ಪ್ರತಿ ಪೆಡಲ್‌ಗೂ ಬೇರೆ ಬೇರೆ ಕರೆಂಟ್ ಕೊಡುವ ಐಸೊಲೇಟೆಡ್ ಸಪ್ಲೈ ಬೋರಿಂಗ್ ಖರೀದಿ, ಆದರೂ ಮಾಡಿ.

ಒಂದೇ ರಾತ್ರಿ ಹಳೇ ಮೆಲೋಡಿಯಿಂದ ಈಗಿನ ಡಪ್ಪಾಂಕುತ್ತುವರೆಗೆ ನುಡಿಸುವವರಾದರೆ ಬಿಡಿ ಪೆಡಲ್‌ಗಳಿಗಿಂತ ಜೂಮ್ ಬಿ1 ಫೋರ್ ಥರದ ಮಲ್ಟಿ ಎಫೆಕ್ಟ್ ಸಾಕು. ಬಜೆಟ್ ಇದ್ದರೆ ಲೈನ್ 6 ಎಚ್‌ಎಕ್ಸ್ ಸ್ಟಾಂಪ್. ಇನ್‌ಇಯರ್ (ಕಿವಿಯೊಳಗಿನ ಮಾನಿಟರ್) ಹಾಕಿಕೊಂಡು ನುಡಿಸುವ ಬ್ಯಾಂಡ್ ಆದರೆ ಆಂಪ್ ಖರೀದಿಯನ್ನೇ ಮುಂದೂಡಬಹುದು. ಆದರೆ ಇಯರ್‌ಪೀಸ್ ಕಿವಿಯಲ್ಲಿ ಬಿಗಿಯಾಗಿ ಕೂರಬೇಕು. ಸ್ವಲ್ಪ ಸಡಿಲವಾದರೂ ಮೊದಲು ಸೋರಿಹೋಗುವುದು ಬೇಸ್.

[ದೃಶ್ಯ: ಸೆಕೆಂಡ್ ಹ್ಯಾಂಡ್ ಕ್ಯಾಬ್, ಹತ್ತಿರದಿಂದ]

ಸೆಕೆಂಡ್ ಹ್ಯಾಂಡ್ ನೋಡಲು ಹೋದಾಗ ನಿಮ್ಮದೇ ಬೇಸ್ ಒಯ್ಯಿರಿ. ಜೋರಾಗಿ ಇಟ್ಟು ಕೆಳಗಿನ ಇಯಿಂದ ಒಂದೊಂದೇ ಫ್ರೆಟ್ ನಿಧಾನ ಏರಿ. ಸಡಿಲ ಸ್ಕ್ರೂ, ಹರಿದ ಕೋನ್ ಯಾವುದಾದರೂ ಒಂದು ಸ್ವರದಲ್ಲಿ ಕರಕರ ಅಂದೇ ಅನ್ನುತ್ತದೆ. ಡಿಐ ಔಟ್ ಅನ್ನೂ ಮಿಕ್ಸರ್‌ಗೆ ಹಾಕಿ ಕೇಳಿ, ತುಂಬಾ ಜನ ಇದನ್ನು ಮರೆಯುತ್ತಾರೆ. ಎಲ್ಲ ಸರಿ ಇದ್ದು ಸ್ಪೀಕನ್ ಕೇಬಲ್ ಮಾತ್ರ ಕೊಡುವುದಿಲ್ಲ ಅಂದರೆ, ಚೌಕಾಸಿ ಅಲ್ಲಿಂದ ಶುರು ಮಾಡಿ.