ಗ್ಯಾಸ್ ಪೈಪಿನೊಳಗೆ ಶಬ್ದದ ಲೆಕ್ಕ

ಕೇಳುಗರಿಗೆ ನಮಸ್ಕಾರ.

ದೊಡ್ಡ ಪೈಪ್‌ಲೈನಿನಲ್ಲಿ ನೈಸರ್ಗಿಕ ಅನಿಲ ಒಂದು ಕಂಪನಿಯಿಂದ ಇನ್ನೊಂದಕ್ಕೆ ಹೋಗುವ ಜಾಗದಲ್ಲಿ ಮೀಟರ್ ಇರುತ್ತದೆ. ಬಿಲ್ ಆಗುವುದು ಅದರ ಲೆಕ್ಕದ ಮೇಲೆ. ಅಳತೆ ಸ್ವಲ್ಪ ತಪ್ಪಿದರೂ ವರ್ಷದ ಕೊನೆಗೆ ದೊಡ್ಡ ಮೊತ್ತವೇ ಆಗುತ್ತದೆ.

ಹಳೆಯ ಪದ್ಧತಿಯಲ್ಲಿ ನಡುವೆ ತೂತಿರುವ ಲೋಹದ ತಟ್ಟೆಯನ್ನು ಹರಿವಿಗೆ ಅಡ್ಡ ಇಡುತ್ತಾರೆ. ಒತ್ತಡ ಎಷ್ಟು ಇಳಿಯಿತು ಅಂತ ನೋಡಿ ಹರಿವನ್ನು ಲೆಕ್ಕ ಹಾಕುತ್ತಾರೆ. ಅಲ್ಟ್ರಾಸಾನಿಕ್ ಮೀಟರಿನಲ್ಲಿ ಅಡ್ಡ ಏನೂ ಇಲ್ಲ, ತಿರುಗುವ ಭಾಗವೂ ಇಲ್ಲ. ಪೈಪಿನ ಗೋಡೆಯಲ್ಲಿ ಓರೆಯಾಗಿ, ಎದುರುಬದುರಾಗಿ ಎರಡು ಟ್ರಾನ್ಸ್‌ಡ್ಯೂಸರ್ ಇರುತ್ತವೆ. ನಮ್ಮ ಕಿವಿಗೆ ಕೇಳದ ಶಬ್ದವನ್ನು ಸರದಿಯ ಮೇಲೆ ಒಂದು ಕಳಿಸುತ್ತದೆ, ಇನ್ನೊಂದು ಹಿಡಿಯುತ್ತದೆ. ಹೊಳೆಯಲ್ಲಿ ಈಜುವವರ ಹಾಗೆ, ಹರಿವಿನ ಜೊತೆ ಹೋದ ಶಬ್ದ ಬೇಗ ಮುಟ್ಟುತ್ತದೆ, ಎದುರು ಹೋದದ್ದು ತಡವಾಗುತ್ತದೆ.

ಎಷ್ಟು ತಡ? ಅರ್ಧ ಮೀಟರ್ ದಾರಿ, 45 ಡಿಗ್ರಿ ಓರೆ, ಗ್ಯಾಸಿನ ವೇಗ ಸೆಕೆಂಡಿಗೆ 10 ಮೀಟರ್, ಅದರೊಳಗೆ ಶಬ್ದದ ವೇಗ 430 ಮೀಟರ್ ಅಂತ ಇಟ್ಟುಕೊಳ್ಳಿ. ವ್ಯತ್ಯಾಸ ಬರುವುದು ಸುಮಾರು 38 ಮೈಕ್ರೊಸೆಕೆಂಡ್, ಅಂದರೆ ಸೆಕೆಂಡನ್ನು 10 ಲಕ್ಷ ಪಾಲು ಮಾಡಿದರೆ ಅಂಥ 38 ಪಾಲು! ಅಷ್ಟನ್ನು ಹಿಡಿದರೆ ಸಾಕು, ಹರಿವಿನ ವೇಗ ಸಿಗುತ್ತದೆ. ಗೋಡೆಯ ಹತ್ತಿರ ಗ್ಯಾಸ್ ನಿಧಾನ, ನಡುವೆ ಜೋರು. ಅದಕ್ಕೇ ಒಳ್ಳೆಯ ಮೀಟರುಗಳಲ್ಲಿ ನಾಲ್ಕು ಅಥವಾ ಇನ್ನೂ ಜಾಸ್ತಿ ದಾರಿಗಳಿರುತ್ತವೆ.

ನನಗೆ ತುಂಬಾ ಹಿಡಿಸುವುದು ಇನ್ನೊಂದು ಗುಣ. ಅದೇ ಎರಡು ಸಮಯಗಳಿಂದ ಗ್ಯಾಸಿನಲ್ಲಿ ಶಬ್ದದ ವೇಗವೂ ಗೊತ್ತಾಗುತ್ತದೆ. ಗ್ಯಾಸಿನಲ್ಲಿ ಏನೇನು ಬೆರೆತಿದೆ, ಒತ್ತಡ, ಉಷ್ಣತೆ ಎಷ್ಟು ಅಂತ ತಿಳಿದರೆ ಆ ವೇಗ ಎಷ್ಟಿರಬೇಕು ಅಂತ ಬೇರೆಯಾಗಿಯೂ ಲೆಕ್ಕ ಹಾಕಬಹುದು. ಎರಡೂ ಹೊಂದದಿದ್ದರೆ ಎಲ್ಲೋ ಏನೋ ಕೆಟ್ಟಿದೆ ಅಂತಲೇ ಅರ್ಥ. ಒಂದೇ ದಾರಿಯ ಲೆಕ್ಕ ಉಳಿದವುಗಳಿಂದ ಬೇರೆಯಾದರೆ, ಮೊದಲು ನೋಡಬೇಕಾದ್ದು ಆ ಜೋಡಿಯನ್ನೇ. ಬರೀ ಹರಿವಿನ ಅಂಕಿ ನೋಡಿ ಈ ಹೋಲಿಕೆಯನ್ನು ಬಿಟ್ಟುಬಿಟ್ಟರೆ ಮೀಟರಿನ ಅರ್ಧ ಉಪಯೋಗ ಸುಮ್ನೆ ಕಳೆದುಕೊಂಡ ಹಾಗೆ, ಅಲ್ವಾ?

ಇದಕ್ಕೂ ತೊಂದರೆಗಳಿವೆ. ಗೋಡೆಗೆ ಜಿಡ್ಡು ಕಟ್ಟಿದರೆ ಪೈಪು ಒಳಗೆ ಕಿರಿದಾಗುತ್ತದೆ, ಮೀಟರ್ ಹರಿವನ್ನು ಜಾಸ್ತಿ ತೋರಿಸುತ್ತದೆ. ಒತ್ತಡ ಇಳಿಸುವ ವಾಲ್ವಿನದು ಇನ್ನೂ ದೊಡ್ಡ ಕಾಟ. ಸದ್ದು ಕಡಿಮೆ ಅಂತ ಮಾರುವ ಕೆಲವು ವಾಲ್ವುಗಳು ಸದ್ದನ್ನು ನಮಗೆ ಕೇಳದ ಮಟ್ಟಕ್ಕೆ ಏರಿಸುತ್ತವೆ. ಮೀಟರ್ ಕೇಳಿಸಿಕೊಳ್ಳುವುದು ಅದನ್ನೇ! ಮೀಟರ್ ಕೂರಿಸುವ ನಿಲ್ದಾಣದ ನಕ್ಷೆ ಮಾಡುವಾಗಲೇ ವಾಲ್ವನ್ನು ಮೀಟರಿನ ಮುಂದೆ, ಹರಿವು ಹೋಗುವ ಕಡೆಗೆ, ದೂರ ಇಡಬೇಕು. ನಡುವೆ ಒಂದೆರಡು ಬಾಗು ಕೊಟ್ಟರೆ ಆ ಸದ್ದು ಮೀಟರಿನವರೆಗೆ ಬರುವಷ್ಟರಲ್ಲಿ ಕುಗ್ಗಿರುತ್ತದೆ.