ಎರಡು ಜೇಬಿನ ಎರಡು ನಾಣ್ಯ

ಮಾತಾಡುತ್ತಾ ಇರುವಾಗ ಫೋನ್ ಕಟ್ ಆಗುತ್ತದೆ. ನೀವು ತಕ್ಷಣ ವಾಪಸ್ ಮಾಡುತ್ತೀರಿ. ಬಿಜಿ. ಆ ಕಡೆಯವರೂ ನಿಮಗೇ ಮಾಡುತ್ತಿದ್ದಾರೆ. ಸರಿ, ಅವರೇ ಮಾಡಲಿ ಬಿಡು ಅಂತ ಸುಮ್ನೆ ಕೂರುತ್ತೀರಿ. ಅವರೂ ಹಾಗೇ ಅಂದುಕೊಂಡು ಕೂತಿದ್ದಾರೆ. ಅರ್ಧ ನಿಮಿಷ ಮೌನ. ಆಮೇಲೆ ಇಬ್ಬರೂ ಒಟ್ಟಿಗೇ ಡಯಲ್. ಮತ್ತೆ ಬಿಜಿ.

ಇಬ್ಬರಿಗೂ ಬೇಕಾಗಿರುವುದು ಒಂದೇ, ಜಗಳವೇನೂ ಇಲ್ಲ. ಆದರೂ ಕೆಲಸ ಆಗುತ್ತಿಲ್ಲ, ಅಲ್ವಾ? ನನಗೆ ಸಿಗುವುದು ಎದುರಿನವರ ಆಯ್ಕೆಯ ಮೇಲೂ ನಿಂತಿರುವಾಗ ಯಾರು ಏನು ಮಾಡುತ್ತಾರೆ ಅಂತ ಲೆಕ್ಕ ಹಾಕುವ ಶಾಸ್ತ್ರ ಗೇಮ್ ಥಿಯರಿ. ಅದರಲ್ಲಿ ಈ ಜಾತಿಯ ಆಟಗಳಿಗೆ ಕೋಆರ್ಡಿನೇಶನ್ ಗೇಮ್ ಅನ್ನುತ್ತಾರೆ. ಇವನ್ನು ಮೊದಲ ಪಾಠದಲ್ಲಿ ಕಲಿಸುವ ರೀತಿಯ ಬಗ್ಗೆ ನನಗೊಂದು ತಕರಾರಿದೆ.

ಪಾಠ ಹೇಗೆ ನಡೆಯುತ್ತದೆ ಅಂದರೆ, ಬೋರ್ಡ್ ಮೇಲೆ ಇಬ್ಬರ ಎರಡೆರಡು ಆಯ್ಕೆಗಳ ಎರಡಕ್ಕೆರಡು ಚೌಕ. ಆಮೇಲೆ ಗಣಿತಜ್ಞ ಜಾನ್ ನ್ಯಾಶ್ 1950ರಲ್ಲಿ ಕೊಟ್ಟ ಸಮತೋಲನದ ಕಲ್ಪನೆ: ಎದುರಿನವನು ತನ್ನ ಆಯ್ಕೆ ಬದಲಿಸದಿದ್ದರೆ ನಾನೊಬ್ಬನೇ ಬದಲಿಸಿ ಏನೂ ಗಿಟ್ಟುವುದಿಲ್ಲ, ಇಬ್ಬರಿಗೂ ಹಾಗೇ ಅನ್ನಿಸುವ ಜಾಗ ಅದು. ನಮ್ಮ ಫೋನ್ ಆಟದಲ್ಲಿ ಅಂಥ ಎರಡು ಜಾಗ ಸುಲಭವಾಗಿ ಕಾಣುತ್ತವೆ: ನಾನು ಮಾಡುತ್ತೇನೆ ನೀನು ಕಾಯಿ, ಇಲ್ಲವೇ ನೀನು ಮಾಡು ನಾನು ಕಾಯುತ್ತೇನೆ. ಆಮೇಲೆ ಮೇಷ್ಟ್ರು "ಮೂರನೆಯದೂ ಒಂದಿದೆ" ಅಂತ ಮಿಕ್ಸೆಡ್ ಸ್ಟ್ರಾಟಜಿ ತೆಗೆಯುತ್ತಾರೆ. ಅಂದರೆ ಇಷ್ಟು ಪಾಲು ಇದು, ಅಷ್ಟು ಪಾಲು ಅದು ಅಂತ ದಾಳ ಹಾಕಿದ ಹಾಗೆ ಆಡುವುದು. ಮೂರಕ್ಕೂ ಒಂದೇ ಥರ ಸುತ್ತು ಹಾಕಿ ಮುಂದಿನ ಲೆಕ್ಕಕ್ಕೆ ಹೋಗುತ್ತಾರೆ.

ಅಲ್ಲೇ ಎಡವಟ್ಟು.

ದಾಳ ಹಾಕುವುದಕ್ಕೆ ಅದರದ್ದೇ ಜಾಗ ಇದೆ. ಫುಟ್‌ಬಾಲಿನ ಪೆನಾಲ್ಟಿ ಕಿಕ್ ನೋಡಿ. ಯಾವಾಗಲೂ ಎಡಕ್ಕೇ ಒದೆಯುವವನನ್ನು ಗೋಲ್‌ಕೀಪರ್ ಎರಡೇ ಪಂದ್ಯದಲ್ಲಿ ಹಿಡಿದುಬಿಡುತ್ತಾನೆ. ಹಾಗಾಗಿ ಎದುರಿನವನಿಗೆ ಊಹೆ ಸಿಗಬಾರದು. ಅರ್ಥಶಾಸ್ತ್ರಜ್ಞ ಇಗ್ನಾಸಿಯೋ ಪಲಾಸಿಯೋಸ್-ಹುಯೆರ್ತಾ 2003ರಲ್ಲಿ 1417 ಪೆನಾಲ್ಟಿಗಳನ್ನು ಲೆಕ್ಕ ಹಾಕಿ ನೋಡಿದರು. ಆಟಗಾರರು ಸಿದ್ಧಾಂತ ಹೇಳಿದ್ದಕ್ಕೆ ತುಂಬಾ ಹತ್ತಿರದಲ್ಲೇ ಆಡುತ್ತಿದ್ದರು. ಇಲ್ಲಿ ಗುಟ್ಟೇ ಬಂಡವಾಳ.

ಈಗ ಇಬ್ಬರು ಸ್ನೇಹಿತರನ್ನು ತೆಗೆದುಕೊಳ್ಳಿ. ಒಬ್ಬನಿಗೆ ಸಿನಿಮಾ ಇಷ್ಟ, ಇನ್ನೊಬ್ಬಳಿಗೆ ನಾಟಕ. ಆದರೆ ಇಬ್ಬರಿಗೂ ಜೊತೆಯಾಗಿ ಹೋಗುವುದೇ ಮುಖ್ಯ. ಜೊತೆಗೆ ಸಿನಿಮಾಕ್ಕೆ ಹೋದರೆ ಅವನಿಗೆ 2 ಅಂಕ, ಅವಳಿಗೆ 1. ನಾಟಕಕ್ಕೆ ಹೋದರೆ ಅವಳಿಗೆ 2, ಅವನಿಗೆ 1. ಬೇರೆ ಬೇರೆ ಹೋದರೆ ಇಬ್ಬರಿಗೂ ಸೊನ್ನೆ. ಫೋನ್ ಇಲ್ಲ, ಮೊದಲೇ ಮಾತಾಗಿಲ್ಲ.

ಮಿಕ್ಸೆಡ್ ಸಮತೋಲನ ಲೆಕ್ಕ ಹಾಕಿದರೆ ಇಬ್ಬರೂ ಮೂರರಲ್ಲಿ ಎರಡು ಪಾಲು ತಮಗಿಷ್ಟವಾದ ಕಡೆಗೇ ಹೋಗುತ್ತಾರೆ. ಸಿನಿಮಾದಲ್ಲಿ ಭೇಟಿಯಾಗುವ ಸಂಭವ 2/9. ನಾಟಕದಲ್ಲೂ 2/9. ಒಟ್ಟು 4/9. ಅಂದರೆ ಅರ್ಧಕ್ಕಿಂತ ಜಾಸ್ತಿ ಸಲ ಇಬ್ಬರೂ ಒಂಟಿಯಾಗಿ ಕೂತಿರುತ್ತಾರೆ. ಒಬ್ಬೊಬ್ಬರಿಗೆ ಸಿಗುವ ಸರಾಸರಿ 2/3 ಅಂಕ. "ಹೋಗಲಿ, ನಿನ್ನಿಷ್ಟ" ಅಂತ ಪೂರ್ತಿ ಬಿಟ್ಟುಕೊಟ್ಟವರಿಗೂ 1 ಅಂಕ ಸಿಗುತ್ತಿತ್ತಲ್ಲ! ಸೋತವರಿಗಿಂತ ಕಡಿಮೆ, ಅದೂ ಇಬ್ಬರಿಗೂ.

ಇನ್ನೊಂದು ತಮಾಷೆ ಇದೆ, ಇದನ್ನು ಮೊದಲ ಪಾಠದಲ್ಲಿ ಸಾಮಾನ್ಯವಾಗಿ ಹೇಳುವುದಿಲ್ಲ. ಅವನಿಗೆ ಸಿನಿಮಾದ ಹುಚ್ಚು ಹೆಚ್ಚಿ 2 ಇದ್ದದ್ದು 3 ಆಯಿತು ಅಂದುಕೊಳ್ಳಿ. ಆಗ ಅವನು ಸಿನಿಮಾಕ್ಕೆ ಹೋಗುವುದು ಹೆಚ್ಚಾಗಬೇಕಲ್ವಾ? ಇಲ್ಲ, ಅವನ ಪಾಲು ಹಾಗೇ ಇರುತ್ತದೆ. ಬದಲಾಗುವುದು ಅವಳ ಪಾಲು. ಅವಳು ಸಿನಿಮಾಕ್ಕೆ ಬರುವುದು 1/3ರಿಂದ 1/4ಕ್ಕೆ ಇಳಿಯುತ್ತದೆ. ಭೇಟಿಯ ಸಂಭವ 4/9 ಇದ್ದದ್ದು 5/12ಕ್ಕೆ ಬೀಳುತ್ತದೆ. ಯಾಕೆಂದರೆ ಈ ಲೆಕ್ಕದಲ್ಲಿ ನನ್ನ ದಾಳದ ಕೆಲಸ ನಿನಗೆ ಎರಡೂ ಕಡೆ ಸಮ ಅನ್ನಿಸುವಂತೆ ಮಾಡುವುದು, ಅಷ್ಟೇ. ಗೋಲ್‌ಕೀಪರ್ ಎದುರು ಅದು ಜಾಣತನ. ಸ್ನೇಹಿತನಿಗೆ ಸಿನಿಮಾ ಇನ್ನಷ್ಟು ಇಷ್ಟವಾಯಿತು ಅಂತ ಅವಳು ಅಲ್ಲಿಗೆ ಹೋಗುವುದನ್ನೇ ಕಡಿಮೆ ಮಾಡುವುದಕ್ಕೆ ಏನನ್ನಬೇಕೋ ನೀವೇ ಹೇಳಿ.

ಮೇಲಾಗಿ ಇದು ನಿಲ್ಲುವುದೂ ಇಲ್ಲ. ಮೊದಲಿನ 2-1 ಅಂಕಗಳ ಲೆಕ್ಕವನ್ನೇ ತೆಗೆದುಕೊಳ್ಳಿ. ಅವಳು ಸಿನಿಮಾಕ್ಕೆ ಬರುವುದು ಮೂರನೇ ಒಂದಕ್ಕಿಂತ ಚೂರೇ ಚೂರು ಜಾಸ್ತಿ ಅಂತ ಗೊತ್ತಾದರೆ ಸಾಕು, ಅವನು ಪೂರ್ತಿ ಸಿನಿಮಾಕ್ಕೇ ವಾಲುತ್ತಾನೆ. ಅದನ್ನು ನೋಡಿ ಅವಳೂ. ಪೆನ್ಸಿಲನ್ನು ಮೊನೆಯ ಮೇಲೆ ನಿಲ್ಲಿಸಿದ ಹಾಗೆ. ಸಮತೋಲನ ಅನ್ನುವುದು ನಿಜ. ಆದರೆ ಕೈ ಬಿಟ್ಟು ನೋಡಿ.

ಹಾಗಾದರೆ ಜನ ನಿಜವಾಗಿ ಏನು ಮಾಡುತ್ತಾರೆ? ಅರ್ಥಶಾಸ್ತ್ರಜ್ಞ ಥಾಮಸ್ ಶೆಲ್ಲಿಂಗ್ ಇದನ್ನು ಕೇಳಿಯೇ ನೋಡಿದರು. ನ್ಯೂಯಾರ್ಕಿನಲ್ಲಿ ಒಬ್ಬರನ್ನು ಭೇಟಿಯಾಗಬೇಕು, ಜಾಗ ಗೊತ್ತಿಲ್ಲ, ಹೊತ್ತೂ ಗೊತ್ತಿಲ್ಲ. ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣ, ಮಧ್ಯಾಹ್ನ 12 ಗಂಟೆ ಅಂತ ಹೇಳಿದವರೇ ಹೆಚ್ಚು. ಯಾರೂ ದಾಳ ಹಾಕಲಿಲ್ಲ, ಎಲ್ಲರ ಕಣ್ಣಿಗೂ ಬೀಳುವ ಗುರುತೊಂದನ್ನು ಹುಡುಕಿದರು.

ಸ್ವೀಡನ್ ಕಥೆ ನನಗೆ ಇದಕ್ಕಿಂತ ಇಷ್ಟ. ಅಲ್ಲಿ ಮೊದಲು ಎಡಕ್ಕೆ ಗಾಡಿ ಓಡಿಸುತ್ತಿದ್ದರು. 1955ರ ಜನಮತದಲ್ಲಿ ಶೇ 83ರಷ್ಟು ಮಂದಿ ಎಡವೇ ಇರಲಿ ಅಂದರು. ಆದರೂ 1967ರ ಸೆಪ್ಟೆಂಬರ್ 3ರ ಬೆಳಗ್ಗೆ 5 ಗಂಟೆಗೆ ಇಡೀ ದೇಶ ಬಲಕ್ಕೆ ಹೊರಳಿತು. ಅಷ್ಟೊಂದು ವಿರೋಧ ಇದ್ದವರು ಮಾರನೇ ದಿನ ಎಡಕ್ಕೆ ಓಡಿಸಿ ಪ್ರತಿಭಟಿಸಬಹುದಿತ್ತಲ್ಲ? ಎದುರಿಂದ ಲಾರಿ ಬರುತ್ತಿರುವಾಗ ಯಾರಿಗೂ ಆ ಹಟ ಬರುವುದಿಲ್ಲ.

ನಾಣ್ಯ ಬೇಡವೇ ಬೇಡ ಅನ್ನುತ್ತಿಲ್ಲ. ಜೇಬು ಎರಡು, ನಾಣ್ಯ ಎರಡು ಆದಾಗ ಕೆಡುತ್ತದೆ. ನಮ್ಮ ಸ್ನೇಹಿತರು ಒಂದೇ ನಾಣ್ಯವನ್ನು ಇಬ್ಬರೂ ನೋಡುವಂತೆ ಚಿಮ್ಮಿ, ಹೆಡ್ ಬಿದ್ದರೆ ಸಿನಿಮಾ, ಟೇಲ್ ಬಿದ್ದರೆ ನಾಟಕ ಅಂದುಕೊಂಡರೆ? ಭೇಟಿ ತಪ್ಪುವುದೇ ಇಲ್ಲ. ತಲಾ ಒಂದೂವರೆ ಅಂಕ. 2/3 ಎಲ್ಲಿ, ಒಂದೂವರೆ ಎಲ್ಲಿ! ಗಣಿತಜ್ಞ ರಾಬರ್ಟ್ ಔಮನ್ 1974ರಲ್ಲಿ ಈ ವಿಚಾರವನ್ನು ಸಿದ್ಧಾಂತ ಮಾಡಿದರು. ಟ್ರಾಫಿಕ್ ಸಿಗ್ನಲ್ ಕೂಡ ಇದೇ ಥರ, ಇಬ್ಬರೂ ನಂಬುವ ಒಂದು ದೀಪ. 2005ರ ಅರ್ಥಶಾಸ್ತ್ರದ ನೊಬೆಲ್ ಶೆಲ್ಲಿಂಗ್ ಮತ್ತು ಔಮನ್ ಇಬ್ಬರಿಗೂ ಸೇರಿ ಬಂತು. ಮೊದಲ ಪಾಠಕ್ಕೆ ಮಾತ್ರ ಔಮನ್ ಸಾಮಾನ್ಯವಾಗಿ ಬರುವುದಿಲ್ಲ, ಅವರ ಸರದಿ ಬರುವುದು ಮುಂದೆಲ್ಲೋ.

ನನ್ನ ವಾದಕ್ಕೆ ಒಂದು ತೂತಿದೆ, ಅದನ್ನೂ ಹೇಳಿಬಿಡುತ್ತೇನೆ. ಕಂಪ್ಯೂಟರ್‌ಗಳನ್ನು ತಂತಿಯಿಂದ ಜೋಡಿಸುವ ಹಳೇ ಈಥರ್ನೆಟ್‌ನಲ್ಲಿ ಎರಡು ಕಂಪ್ಯೂಟರ್ ಒಂದೇ ತಂತಿಯ ಮೇಲೆ ಒಟ್ಟಿಗೆ ಮಾತಾಡಿ ಡಿಕ್ಕಿಯಾದರೆ, ಪ್ರತಿಯೊಂದೂ ತನ್ನದೇ ದಾಳ ಹಾಕಿ ಬಿದ್ದಷ್ಟು ಹೊತ್ತು ಕಾಯುತ್ತಿತ್ತು. ಎರಡು ಜೇಬು, ಎರಡು ನಾಣ್ಯವೇ. ಮತ್ತೆ ಡಿಕ್ಕಿಯಾದರೆ ದಾಳ ಇನ್ನೂ ದೊಡ್ಡದು, ಅಂದರೆ ಕಾಯುವ ಹೊತ್ತು ಇನ್ನೂ ಉದ್ದ ಇರಬಹುದು. ಅಲ್ಲಿ ಇದು ಚೆನ್ನಾಗಿಯೇ ನಡೆಯಿತು. ಯಾಕೆಂದರೆ ಅವೆರಡೂ ಥೇಟ್ ಒಂದೇ ಥರ, ನೀನು ಮೊದಲು ಅನ್ನುವುದಕ್ಕೆ ಯಾವ ಗುರುತೂ ಇಲ್ಲ. ಜೊತೆಗೆ, ಒಂದು ಸಲ ತಪ್ಪಿದರೂ ಚೂರು ಹೊತ್ತಿನಲ್ಲೇ ಮತ್ತೆ ಆಡಬಹುದು. ಸಿನಿಮಾ ಮುಗಿದುಹೋದ ಮೇಲೆ ಹಾಗೆ ಆಗುವುದಿಲ್ಲ.

ಫೋನಿಗೆ ಬಂದರೆ, ನಾನೂ ನನ್ನ ಸ್ನೇಹಿತನೂ ಒಂದು ನಿಯಮ ಮಾಡಿಕೊಂಡಿದ್ದೇವೆ. ಮೊದಲು ಕರೆ ಮಾಡಿದವರೇ ಮತ್ತೆ ಮಾಡಬೇಕು. ಚೆನ್ನಾಗಿ ನಡೆಯುತ್ತಿತ್ತು. ಮೊನ್ನೆ ಎರಡು ಗಂಟೆ ಮಾತಾಡಿದ ಮೇಲೆ ಕಟ್ ಆಯಿತು. ಮೊದಲು ಕರೆ ಮಾಡಿದ್ದು ಯಾರು ಅಂತ ನನಗೆ ನೆನಪಿಲ್ಲ. ಕಾಲ್ ಲಿಸ್ಟ್ ತೆಗೆದು ನೋಡಿದೆ. ಅವನೇ. ನಾನು ಕಾದೆ. ಅವನು ಲಿಸ್ಟ್ ನೋಡುವ ಗೋಜಿಗೆ ಹೋಗದೆ, "ಮೊದಲು ಮಾಡಿದ್ದು ಅವನೇ" ಅಂತ ನನ್ನ ಬಗ್ಗೆ ಅಂದುಕೊಂಡು ಕೂತಿದ್ದನಂತೆ.