ಗಾಳಿಯಿಂದ ಕುಡಿಯುವ ನೀರು: ದುರ್ಗದ ಬೇಸಿಗೆಗೆ ಆಗುತ್ತಾ?

(ದೃಶ್ಯ: ಫ್ರಿಜ್‌ನಿಂದ ಈಗಷ್ಟೇ ತೆಗೆದ ಸ್ಟೀಲ್ ಚೊಂಬು. ಕಿಟಕಿಯಾಚೆ ಚಿತ್ರದುರ್ಗದ ಬಂಡೆಗಳು.)

ನಮಸ್ಕಾರ. ಈ ಚೊಂಬು ಎಲ್ಲೂ ಸೋರುತ್ತಿಲ್ಲ, ಆದರೂ ಹೊರಮೈಯೆಲ್ಲ ಹನಿ. ಇದು ಕೋಣೆಯ ಗಾಳಿಯಲ್ಲಿದ್ದ ನೀರು. ಗಾಳಿ ತಣ್ಣಗಾದಷ್ಟೂ ಅದರಲ್ಲಿ ಉಳಿಯುವ ಆವಿ ಕಡಿಮೆ, ಮಿಕ್ಕಿದ್ದು ಹನಿಯಾಗುತ್ತದೆ. ಗಾಳಿಯಿಂದ ನೀರು ತೆಗೆಯುವ ಯಂತ್ರದೊಳಗೂ ಇದೇ ಕೆಲಸ: ಫ್ಯಾನ್ ಗಾಳಿ ಎಳೆಯುತ್ತದೆ, ತಣ್ಣನೆಯ ಕಾಯಿಲ್ ಮೇಲೆ ಹನಿ ಕೂಡಿ ತಟ್ಟೆಗೆ ಇಳಿಯುತ್ತದೆ.

ಎಷ್ಟು ಸಿಗುತ್ತದೆ? ಏಪ್ರಿಲ್ ಮಧ್ಯಾಹ್ನ ಅಂದುಕೊಳ್ಳಿ, 38 ಡಿಗ್ರಿ, ತೇವಾಂಶ ಶೇ. 25. ಉದ್ದ, ಅಗಲ, ಎತ್ತರ ಎಲ್ಲ 10 ಅಡಿಯ ಕೋಣೆಯಲ್ಲಿ ಇರುವುದೇ ಸುಮಾರು 330 ಮಿಲಿಲೀಟರ್. 5 ಡಿಗ್ರಿಗೆ ಇಳಿಸಿದರೂ ಅದರಲ್ಲಿ ಅರ್ಧ ಸಿಕ್ಕರೆ ಹೆಚ್ಚು. ಒಂದು ಲೀಟರಿಗೆ ಆರೇಳು ಕೋಣೆಯ ಗಾಳಿ ಬೇಕು! ಜುಲೈನಲ್ಲಿ 25 ಡಿಗ್ರಿ, ಶೇ. 85 ಇದ್ದರೆ ಮೂರು ಕೋಣೆ ಸಾಕು. ಟ್ಯಾಂಕರ್‌ಗೆ ಕಾಯುವ ತಿಂಗಳಲ್ಲೇ ಯಂತ್ರವೂ ಸೊರಗುತ್ತದೆ ಅನ್ನುವುದು ನನಗೆ ಬೇಸರದ ವಿಷಯ. ಬೆಳಗಿನ ಜಾವ ಓಡಿಸಿದರೆ ಸ್ವಲ್ಪ ವಾಸಿ, ಗಾಳಿ ಆಗಲೇ ತಣ್ಣಗಿರುತ್ತದೆ.

ಒಣ ಗಾಳಿಗೆ ಬೇರೆ ದಾರಿಯೂ ಇದೆ. ಆವಿಯನ್ನು ಹೀರಿ, ಬಿಸಿ ಮಾಡಿದಾಗ ಬಿಟ್ಟುಕೊಡುವ ಸೂಕ್ಷ್ಮರಂಧ್ರಗಳ ವಸ್ತುಗಳು. ಇವುಗಳನ್ನು ಬೆಳೆಸಿದ ಕಿಟಗಾವಾ, ರಾಬ್ಸನ್, ಯಾಘಿ ಅವರಿಗೆ 2025ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಯಾಘಿ ತಂಡ ಅರಿಜೋನಾ ಮರುಭೂಮಿಯ ಗಾಳಿಯಿಂದಲೇ ನೀರು ತೆಗೆದಿದೆ.

(ದೃಶ್ಯ: ಬೋರ್‌ವೆಲ್ ಪಕ್ಕದ ಬಿಂದಿಗೆಗಳು.)

ಹಾಗಾದರೆ ನಮಗೇಕೆ ಇದು? ಬಂಡೆಯಿಂದ ನೀರಿಗೆ ಇಳಿಯುವ ಫ್ಲೋರೈಡ್ ಎಂಬ ಲವಣದಿಂದ ತಪ್ಪಿಸಿಕೊಳ್ಳಲು. ನಮ್ಮ ಜಿಲ್ಲೆಯ ಎಷ್ಟೋ ಬೋರ್‌ವೆಲ್‌ಗಳಲ್ಲಿ ಅದು ಹೆಚ್ಚಿದೆ. ಮಕ್ಕಳ ಹಲ್ಲು ಕಂದಾಗುತ್ತದೆ, ವರ್ಷಗಟ್ಟಲೆ ಕುಡಿದರೆ ಮೂಳೆ, ಕೀಲು ಬಿಗಿಯುತ್ತವೆ. ದಯವಿಟ್ಟು ಕೇಳಿ, ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪಾಲು ಇನ್ನೂ ಹೆಚ್ಚುತ್ತದೆ. ಆವಿಯಿಂದ ಬಂದ ನೀರಲ್ಲಿ ಬಂಡೆಯ ಲವಣವೇ ಇರದು. ಒಂದು ಅಂಗನವಾಡಿಯ ಕುಡಿಯುವ ನೀರಿಗೆ ಈ ಯಂತ್ರ ಇರಲಿ ಅನ್ನುವುದು ನನ್ನ ಆಸೆ. ಆದರೆ ಎಸಿಯಿಂದ ತೊಟ್ಟಿಕ್ಕುವ ನೀರನ್ನು ಮಾತ್ರ ಕುಡಿಯಬೇಡಿ, ಅದರ ತಟ್ಟೆಯಲ್ಲಿ ಧೂಳು, ಬೂಸ್ಟು ಇರುತ್ತದೆ.

ಕರೆಂಟ್ ಬಿಲ್ ಕಟ್ಟಲು ಆಗದವರಿಗೆ? ಕೋಟೆಯ ಗೋಪಾಲಸ್ವಾಮಿ ಹೊಂಡ, ಅಕ್ಕ-ತಂಗಿ ಹೊಂಡ ನೋಡಿದ್ದೀರಲ್ಲ, ಬಂಡೆ ಮೇಲೆ ಬಿದ್ದ ಮಳೆಯನ್ನು ಹಿಡಿದಿಟ್ಟ ಜಾಗ. ನಿಮ್ಮ 1,000 ಚದರಡಿ ಮಾಳಿಗೆಗೂ 500 ಮಿಲಿಮೀಟರ್ ಮಳೆಗೆ 46,000 ಲೀಟರ್ ಬೀಳುತ್ತದೆ. ಅದರಲ್ಲೂ ಫ್ಲೋರೈಡ್ ಇಲ್ಲ. ಮೊದಲ ಮಳೆಯನ್ನು ಹೊರಗೆ ಬಿಟ್ಟು, ಮುಂದಿನದನ್ನು ಸೋಸಿ ಮುಚ್ಚಿದ ತೊಟ್ಟಿಗೆ ತುಂಬಿ. ಪೈಪ್ ಜೋಡಿಸುವುದನ್ನು ಮುಂದಿನ ವಿಡಿಯೋದಲ್ಲಿ ತೋರಿಸುತ್ತೇನೆ.